ದಡ ಕಂಡರೂ ಇಳಿಯಲಾಗದವರು: ಸಾಂಕ್ರಾಮಿಕದ ಕಾಲ ಮತ್ತು ಖಲಾಸಿಗಳ ಹಕ್ಕು

2020ರ ಏಪ್ರಿಲ್ ತಿಂಗಳನ್ನು ಸ್ವಲ್ಪ ನೆನಪು ಮಾಡಿಕೊಳ್ಳಿ. ನೀವು ಮುಂಬಯಿಯ ಚಾಳಿನಲ್ಲಿ ಇದ್ದಿರಬಹುದು, ಪುಣೆಯ ಫ್ಲ್ಯಾಟಿನಲ್ಲಿ ಇದ್ದಿರಬಹುದು, ಹೈದರಾಬಾದಿನ ಯಾವುದೋ ಗಲ್ಲಿಯಲ್ಲಿ ಇದ್ದಿರಬಹುದು. ಬಾಗಿಲು ಮುಚ್ಚಿತ್ತು, ರಸ್ತೆ ಖಾಲಿ ಇತ್ತು, ಮಸೀದಿಗೆ ಬೀಗ ಬಿದ್ದಿತ್ತು. ಆದರೂ ಮನೆಯ ಒಲೆ ಉರಿಯುತ್ತಿತ್ತು. ಸಿಲಿಂಡರ್ ಬರುತ್ತಿತ್ತು, ಅಡುಗೆ ಎಣ್ಣೆ ಸಿಗುತ್ತಿತ್ತು, ಏಪ್ರಿಲ್ ಕೊನೆಯಲ್ಲಿ ರಂಜಾನ್ ಶುರುವಾದಾಗ ಇಫ್ತಾರಿಗೆ ನಾಲ್ಕು ಖರ್ಜೂರವಾದರೂ ಸಿಕ್ಕಿತು. ಇದೆಲ್ಲ ಎಲ್ಲಿಂದ ಬಂತು ಅಂತ ಆಗ ನಾವ್ಯಾರೂ ಕೇಳಲಿಲ್ಲ. ಕೇಳುವ ಸಮಯವೂ ಅದಾಗಿರಲಿಲ್ಲ.

ಈಗ ಕೇಳೋಣ. ಭಾರತದ ವಿದೇಶಿ ವ್ಯಾಪಾರದಲ್ಲಿ ತೂಕದ ಲೆಕ್ಕದಲ್ಲಿ ನೂರಕ್ಕೆ ತೊಂಬತ್ತೈದರಷ್ಟು ಸಮುದ್ರದ ಮೂಲಕವೇ ನಡೆಯುತ್ತದೆ. ಕೊಲ್ಲಿಯಿಂದ ಅಡುಗೆ ಅನಿಲ ನವಮಂಗಳೂರು ಬಂದರಿಗೆ ಬರುವುದು ಹಡಗಿನಲ್ಲಿ. ತಾಳೆ ಎಣ್ಣೆ ಇಂಡೋನೇಷ್ಯಾ, ಮಲೇಷ್ಯಾದಿಂದ ಬರುವುದು ಹಡಗಿನಲ್ಲಿ. ವಿಮಾನ ನಿಂತಿತು, ರೈಲು ನಿಂತಿತು, ಹಡಗು ನಿಲ್ಲಲಿಲ್ಲ. ಹಡಗು ನಿಲ್ಲಲಿಲ್ಲ ಅಂದರೆ ಅದರೊಳಗಿನ ಮನುಷ್ಯ ಮನೆಗೆ ಹೋಗಲಿಲ್ಲ ಎಂದೂ ಅರ್ಥ. ಈ ಲೇಖನ ಆ ಮನುಷ್ಯನ ಬಗ್ಗೆ.

ನಾನು ಪಾಠ ಮಾಡುವ ತರಗತಿಯಲ್ಲಿ ಒಮ್ಮೆ ಈ ಮಾತು ಬಂದಾಗ ಒಬ್ಬ ಹುಡುಗ ಕೇಳಿದ: "ಸಮುದ್ರದಲ್ಲಿ ಇರೋರಿಗೆ ಕೊರೊನಾದಿಂದ ಏನು ತೊಂದರೆ? ಅಲ್ಲಿ ಬೇರೆ ಜನಾನೇ ಇರಲ್ವಲ್ಲ?" ಒಳ್ಳೆ ಪ್ರಶ್ನೆ. ಇದಕ್ಕೆ ಉತ್ತರ ಹೇಳಬೇಕಾದರೆ 2020ರಿಂದ ಶುರು ಮಾಡಿದರೆ ಆಗುವುದಿಲ್ಲ, ಸ್ವಲ್ಪ ಹಿಂದೆ ಹೋಗಬೇಕು.

ಪದಗಳಲ್ಲಿ ಉಳಿದ ಚರಿತ್ರೆ

ಮೊದಲು ಕೆಲವು ಪದ ನೋಡಿ. ಕನ್ನಡದಲ್ಲಿ 'ಬಂದರು' ಅಂತೀವಿ, ಅದು ಫಾರ್ಸಿಯ 'ಬಂದರ್'. 'ಲಂಗರು' ಕೂಡ ಫಾರ್ಸಿಯದೇ. 'ಜಹಾಜು', 'ಖಲಾಸಿ' ಎರಡೂ ಅರಬ್ಬಿ ಮೂಲದಿಂದ ಉರ್ದುವಿಗೂ ಬಂದವು, ಕನ್ನಡಕ್ಕೂ ಬಂದವು. ಬ್ರಿಟಿಷರ ಹಡಗುಗಳಲ್ಲಿ ಖಲಾಸಿಗಳ ಮೇಸ್ತ್ರಿಗೆ 'ಸಾರಂಗ್' ಅನ್ನುತ್ತಿದ್ದರು. ಅದು ಫಾರ್ಸಿಯ 'ಸರ್‌ಹಂಗ್', ಅಂದರೆ ನಾಯಕ. ಅವನ ಕೈಕೆಳಗಿನವನು 'ಟಿಂಡಲ್', ನಮ್ಮ ಕರಾವಳಿಯಲ್ಲಿ ದೋಣಿ ನಡೆಸುವವನಿಗೆ ಈಗಲೂ 'ತಾಂಡೇಲ' ಎನ್ನುತ್ತಾರೆ. ಇವರೆಲ್ಲರಿಗೂ ಸೇರಿ ಬ್ರಿಟಿಷರು ಇಟ್ಟ ಹೆಸರು 'ಲಾಸ್ಕರ್'. ಸೈನ್ಯ ಎಂಬ ಅರ್ಥದ 'ಲಷ್ಕರ್' ಪದವೇ ಬಾಯಿಂದ ಬಾಯಿಗೆ ಬದಲಾಗಿ, ಕೊನೆಗೆ ಕಡಿಮೆ ಸಂಬಳದ ಏಷ್ಯಾದ ನಾವಿಕ ಎಂಬ ಅರ್ಥಕ್ಕೆ ಬಂದು ನಿಂತಿತು.

ಸಿಲ್ಹೆಟ್, ಚಿತ್ತಗಾಂಗ್, ಕೊಂಕಣ, ಗುಜರಾತ್, ಗೋವಾ, ಮಲಬಾರ್ ಕಡೆಯಿಂದ ಇವರು ಬರುತ್ತಿದ್ದರು. ಅವರಲ್ಲಿ ಬಹಳ ಜನ ಮುಸ್ಲಿಮರು. ಹಬೆ ಹಡಗು ಬಂದ ಮೇಲೆ ಬಾಯ್ಲರಿಗೆ ಕಲ್ಲಿದ್ದಲು ಎಸೆಯುವ ಕೆಲಸ ಹೆಚ್ಚಾಗಿ ಇವರ ಪಾಲಿಗೇ ಬಂತು. ಇವರು ಸಹಿ ಹಾಕುತ್ತಿದ್ದ ಕರಾರು ಪತ್ರವೇ ಬೇರೆ. ಅದರ ಪ್ರಕಾರ ಅದೇ ಹಡಗಿನ ಯುರೋಪಿಯನ್ ನಾವಿಕನಿಗಿಂತ ಇವರಿಗೆ ಸಂಬಳ ಕಡಿಮೆ, ಮಲಗುವ ಜಾಗ ಕಡಿಮೆ, ಊಟದ ಪಡಿಯೂ ಕಡಿಮೆ. ಲಂಡನ್ನಿನಲ್ಲಿ ಕೆಲಸ ಬಿಟ್ಟು ಉಳಿಯುವ ಹಾಗಿಲ್ಲ, ಭಾರತಕ್ಕೇ ವಾಪಸ್ ಬರಬೇಕು. ಆದರೆ ವಾಪಸ್ ಬರುವ ಹಡಗು ಸಿಗುವ ತನಕ ಎಲ್ಲಿರಬೇಕು? ಲಂಡನ್ನಿನ ಚಳಿಯಲ್ಲಿ ಬೀದಿಯಲ್ಲೇ ಸತ್ತವರಿದ್ದಾರೆ. ಜನ ಮಾತಾಡತೊಡಗಿದ ಮೇಲೆ 1857ರಲ್ಲಿ ಅಲ್ಲಿನ ಲೈಮ್‌ಹೌಸ್‌ನಲ್ಲಿ ಏಷ್ಯಾ, ಆಫ್ರಿಕಾದ ನಾವಿಕರಿಗಾಗಿ ಒಂದು ವಸತಿಗೃಹ ತೆರೆಯಿತು. ಪಂಜಾಬಿನ ಮಾಜಿ ಮಹಾರಾಜ ದುಲೀಪ್ ಸಿಂಗ್ ಅದಕ್ಕೆ ಹಣ ಕೊಟ್ಟವರಲ್ಲಿ ಒಬ್ಬ.

ಒಂದು ವಿಷಯ ಇಲ್ಲಿ ಗಮನಿಸಿ. ನಾವಿಕನ ಹಕ್ಕಿನ ಪ್ರಶ್ನೆ ಶುರುವಾದದ್ದೇ 'ಮನೆಗೆ ವಾಪಸ್ ಕಳಿಸುವವರು ಯಾರು' ಎಂಬ ಪ್ರಶ್ನೆಯಿಂದ. ಮುಂದೆ 2020ರಲ್ಲಿ ಎದ್ದದ್ದೂ ಅದೇ ಪ್ರಶ್ನೆ.

ನಲವತ್ತು ದಿನ

ರೋಗ ಬಂದಾಗ ಮೊದಲು ಅನುಮಾನ ಬೀಳುವುದು ಹಡಗಿನ ಮೇಲೆ. ಇದು ಇವತ್ತಿನದಲ್ಲ. 1377ರಲ್ಲಿ ಆಡ್ರಿಯಾಟಿಕ್ ತೀರದ ರಗೂಸಾ ನಗರ, ಅಂದರೆ ಇವತ್ತಿನ ಡುಬ್ರೊವ್‌ನಿಕ್, ಪ್ಲೇಗ್ ಇದ್ದ ಊರಿಂದ ಬಂದವರು 30 ದಿನ ಹೊರಗೇ ಇರಬೇಕು ಎಂದು ಕಟ್ಟಳೆ ಮಾಡಿತು. ಮುಂದೆ ಅದು 40 ದಿನ ಆಯಿತು. ಇಟಲಿಯವರ ಮಾತಿನಲ್ಲಿ 'ಕ್ವಾರಂತಾ' ಅಂದರೆ ನಲವತ್ತು. ಅದರಿಂದ ಕ್ವಾರಂಟೈನ್. ಉರ್ದುವಿನ 'ಕರಂತೀನಾ' ಕೂಡ ಅದೇ ಪದ.

ನಮ್ಮ ಹಿರಿಯರಿಗೆ ಈ ಪದ ಚೆನ್ನಾಗಿಯೇ ಗೊತ್ತಿತ್ತು. 1865ರಲ್ಲಿ ಹಜ್ ಸಮಯದಲ್ಲಿ ಕಾಲರಾ ಹಬ್ಬಿತು, ಅಲ್ಲಿಂದ ಯುರೋಪಿನವರೆಗೂ ಹೋಯಿತು. ಮರುವರ್ಷ ಇಸ್ತಾಂಬುಲ್‌ನಲ್ಲಿ ದೇಶದೇಶಗಳವರು ಸಭೆ ಸೇರಿದರು. 1880ರ ದಶಕದ ಆರಂಭದಿಂದ ಕೆಂಪು ಸಮುದ್ರದ ಕಮರಾನ್ ದ್ವೀಪದಲ್ಲಿ ಉಸ್ಮಾನಿ ಸರ್ಕಾರ ಒಂದು ಕರಂತೀನಾ ನಡೆಸಿತು. ಬೊಂಬಾಯಿಂದ ಹೊರಟ ಹಾಜಿಗಳ ಹಡಗು ಜಿದ್ದಾಕ್ಕೆ ಹೋಗುವ ಮೊದಲು ಅಲ್ಲಿ ನಿಲ್ಲಬೇಕಿತ್ತು. ಮರಳು, ಬಿಸಿಲು, ಕೊಡಬೇಕಾದ ಶುಲ್ಕ, ಕಾಯಬೇಕಾದ ದಿನಗಳು. ಹಾಜಿಗಳ ಕಷ್ಟ ದಾಖಲಾಗಿದೆ, ಅದರ ಬಗ್ಗೆ ವಾದ ವಿವಾದವೂ ನಡೆದಿದೆ. ಅದೇ ಹಡಗಿನಲ್ಲಿದ್ದ ಖಲಾಸಿಗಳ ಮಾತು ಮಾತ್ರ ಆ ಚರ್ಚೆಯಲ್ಲಿ ಹೆಚ್ಚು ಕೇಳುವುದಿಲ್ಲ.

1896ರ ಸೆಪ್ಟೆಂಬರಿನಲ್ಲಿ ಬೊಂಬಾಯಿಯ ಮಾಂಡವಿಯಲ್ಲಿ ಪ್ಲೇಗ್ ಕಾಣಿಸಿತು. ಮಾಂಡವಿ ಅಂದರೆ ಡಾಕ್‌ಗಳ ಮಗ್ಗುಲಿನ ಬಡಾವಣೆ, ಗೋದಾಮುಗಳ ಜಾಗ. ಗುರುತಿಸಿದವರು ಡಾಕ್ಟರ್ ಅಕಾಸಿಯೊ ಗೇಬ್ರಿಯಲ್ ವೀಗಾಸ್. ಮರುವರ್ಷವೇ ಸರ್ಕಾರ ಸಾಂಕ್ರಾಮಿಕ ರೋಗಗಳ ಕಾಯ್ದೆ ತಂದಿತು. ಬಂದರಿಗೆ ಬರುವ ಹೋಗುವ ಹಡಗನ್ನು ತಪಾಸಣೆ ಮಾಡುವ, ತಡೆದಿಡುವ ಅಧಿಕಾರದ ಮಾತು ಆ ಪುಟ್ಟ ಕಾಯ್ದೆಯಲ್ಲಿದೆ. ತಡೆದಿಟ್ಟ ಹಡಗಿನೊಳಗಿನ ಮನುಷ್ಯನಿಗೆ ನೀರು, ಔಷಧಿ, ಸಂಬಳ ಯಾರು ಕೊಡಬೇಕು ಎಂಬ ಮಾತು ಅದರಲ್ಲಿಲ್ಲ. 2020ರಲ್ಲಿ ನಮ್ಮ ದೇಶ ಕೈಗೆತ್ತಿಕೊಂಡದ್ದು ಇದೇ 1897ರ ಕಾಯ್ದೆಯನ್ನು.

ರೋಗ ತಂದವರು ಯಾರು?

1918ರ ಮೇ ಕೊನೆಯಲ್ಲಿ ಬೊಂಬಾಯಿಗೆ ಹಡಗು ಬಂತು. ಮೊದಲ ಮಹಾಯುದ್ಧದ ಕಾಲ, ಸೈನಿಕರು ಬರುತ್ತಾ ಹೋಗುತ್ತಾ ಇದ್ದರು. ಜೂನ್ 10ಕ್ಕೆ ಡಾಕ್‌ನಲ್ಲಿ ಕಾವಲಿದ್ದ ಏಳು ಪೊಲೀಸ್ ಸಿಪಾಯಿಗಳು ಜ್ವರ ಬಂದು ಆಸ್ಪತ್ರೆ ಸೇರಿದರು. ಆಮೇಲೆ ಡಾಕ್ ಕೆಲಸಗಾರರು, ಆಮೇಲೆ ಊರು. ಜನ ಅದನ್ನು ಬೊಂಬಾಯಿ ಜ್ವರ ಎಂದರು. ಅಕ್ಟೋಬರ್ 6ರಂದು ಒಂದೇ ದಿನ ನಗರದಲ್ಲಿ 768 ಜನ ತೀರಿಕೊಂಡರು. ಇಡೀ ಭಾರತದಲ್ಲಿ ಆ ಇನ್‌ಫ್ಲುಯೆಂಜಾದಿಂದ ಸತ್ತವರ ಸಂಖ್ಯೆಯನ್ನು ಚರಿತ್ರಕಾರರು ಒಂದು ಕೋಟಿಗಿಂತ ಹೆಚ್ಚು ಎಂದೇ ಅಂದಾಜು ಮಾಡುತ್ತಾರೆ.

ಆಗ ಒಂದು ಜಗಳ ಆಯಿತು. ನಗರದ ಆರೋಗ್ಯಾಧಿಕಾರಿ ಟರ್ನರ್, ಹಡಗಿನ ಸಿಬ್ಬಂದಿಯೇ ರೋಗ ತಂದರು ಎಂದರು. ಸರ್ಕಾರ, ಇಲ್ಲ, ಊರಿನಿಂದಲೇ ಸಿಬ್ಬಂದಿಗೆ ಹತ್ತಿತು ಎಂದಿತು. ಎರಡು ಕಡೆಯವರೂ ಹೊಣೆ ಯಾರದು ಎಂದು ವಾದಿಸಿದರು. ಕಾಯಿಲೆ ಬಿದ್ದ ನಾವಿಕನಿಗೆ ಏನಾಯಿತು ಎಂಬುದು ಆ ವಾದದ ವಿಷಯ ಆಗಿರಲಿಲ್ಲ.

ಆದರೆ ನ್ಯಾಯ ಹೇಳಬೇಕಾದರೆ ಬಂದರಿನವರ ಭಯವನ್ನೂ ಹೇಳಬೇಕು. ಅದೇ 1918ರ ನವೆಂಬರ್ 7ರಂದು 'ಟಲೂನ್' ಎಂಬ ಹಡಗು ನ್ಯೂಜಿಲೆಂಡಿನ ಆಕ್ಲೆಂಡ್‌ನಿಂದ ಪಶ್ಚಿಮ ಸಮೋವಾದ ಆಪಿಯಾ ಬಂದರಿಗೆ ಬಂತು. ಹಡಗಿನಲ್ಲಿ ಕಾಯಿಲೆಯವರಿದ್ದರು. ಆಗ ಆ ದ್ವೀಪವನ್ನು ಆಳುತ್ತಿದ್ದ ನ್ಯೂಜಿಲೆಂಡ್ ಆಡಳಿತ ಅವರನ್ನು ಕ್ವಾರಂಟೈನ್ ಇಲ್ಲದೆ ಇಳಿಯಲು ಬಿಟ್ಟಿತು. ಕೆಲವೇ ವಾರಗಳಲ್ಲಿ ಸುಮಾರು 8,500 ಜನ, ಅಂದರೆ ಐದು ಜನರಲ್ಲಿ ಒಬ್ಬರಿಗಿಂತ ಹೆಚ್ಚು, ಸತ್ತರು. ಪಕ್ಕದಲ್ಲೇ ಇದ್ದ ಅಮೆರಿಕನ್ ಸಮೋವಾ ಹಡಗುಗಳನ್ನು ಬಿಗಿಯಾಗಿ ತಡೆಯಿತು, ಅಲ್ಲಿ ಈ ಜ್ವರದಿಂದ ಒಬ್ಬರೂ ಸಾಯಲಿಲ್ಲ. 2002ರಲ್ಲಿ ನ್ಯೂಜಿಲೆಂಡ್ ಪ್ರಧಾನಿ ಸಮೋವಾದ ಕ್ಷಮೆ ಕೇಳಿದರು.

ಹಾಗಾಗಿ ಹಡಗು ತಡೆಯುವುದೇ ತಪ್ಪು ಅಂತ ಯಾರೂ ಹೇಳಲಾರರು. ತಡೆಯಿರಿ, ಪರೀಕ್ಷೆ ಮಾಡಿ, ಬೇರೆ ಇಡಿ. ಪ್ರಶ್ನೆ ಇಷ್ಟೇ: ಎಷ್ಟು ದಿನ? ಯಾರ ಖರ್ಚಿನಲ್ಲಿ? ಆ ದಿನಗಳು ಮುಗಿದ ಮೇಲಾದರೂ ಇಳಿಯಲು ಬಿಡುತ್ತೀರಾ?

ಕಾಗದದ ಮೇಲೆ ಬಂದ ಹಕ್ಕು

ಮೊದಲ ಮಹಾಯುದ್ಧದಲ್ಲಿ ಮೂರು ಸಾವಿರಕ್ಕೂ ಹೆಚ್ಚು ಲಾಸ್ಕರರು ಸತ್ತರು, ಎರಡನೆಯದರಲ್ಲಿ ಆರು ಸಾವಿರಕ್ಕೂ ಹೆಚ್ಚು. ಮುಂಬಯಿಯಲ್ಲಿರುವವರು ಮಸ್ಜಿದ್ ಬಂದರ್ ಸ್ಟೇಷನ್ನಿನಲ್ಲಿ ಎಷ್ಟೋ ಸಲ ಇಳಿದು ಹತ್ತಿರುತ್ತೀರಿ. ಅಲ್ಲೇ ಹತ್ತಿರದ ಇಂಡಿಯನ್ ಸೈಲರ್ಸ್ ಹೋಮ್‌ನಲ್ಲಿ ಎರಡೂ ಯುದ್ಧಗಳಲ್ಲಿ ಸತ್ತ, ಸಮುದ್ರವೇ ಗೋರಿಯಾದ ನಾವಿಕರ ಹೆಸರು ಬರೆದ ಸ್ಮಾರಕವಿದೆ. ಸಾವಿರಾರು ಹೆಸರು.

ಯುದ್ಧ ಮುಗಿದ ಮೇಲೆ 1919ರಲ್ಲಿ ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ, ಅಂದರೆ ಐಎಲ್‌ಒ, ಹುಟ್ಟಿತು. ಮರುವರ್ಷವೇ ಇಟಲಿಯ ಜೆನೋವಾದಲ್ಲಿ ನಾವಿಕರಿಗಾಗಿಯೇ ಒಂದು ಸಮ್ಮೇಳನ ನಡೆಸಿತು. 1926ರಲ್ಲಿ ನಾವಿಕರನ್ನು ಸ್ವದೇಶಕ್ಕೆ ಕಳಿಸುವ ಬಗ್ಗೆ ಒಂದು ಒಪ್ಪಂದ ಮಾಡಿತು. ಹೀಗೆ ಒಂದೊಂದೇ ಸೇರಿ ಹತ್ತಾರು ಒಪ್ಪಂದ ಆದವು. 2006ರಲ್ಲಿ ಎಲ್ಲವನ್ನೂ ಒಟ್ಟು ಮಾಡಿ ಸಾಗರ ಕಾರ್ಮಿಕ ಒಪ್ಪಂದ ಎಂಬುದನ್ನು ರಚಿಸಿದರು. ಎಂಎಲ್‌ಸಿ ಅಂತ ನಾವಿಕರ ಬಾಯಲ್ಲಿ ಅದರ ಹೆಸರು. 2013ರ ಆಗಸ್ಟ್‌ನಲ್ಲಿ ಅದು ಜಾರಿಗೆ ಬಂತು, 2015ರ ಅಕ್ಟೋಬರ್‌ನಲ್ಲಿ ಭಾರತ ಅದಕ್ಕೆ ಒಪ್ಪಿಗೆ ಕೊಟ್ಟಿತು.

ಅದರಲ್ಲಿ ಏನಿದೆ? ವಿದ್ಯಾರ್ಥಿಗಳು ನಾಲ್ಕು ವಿಷಯ ನೆನಪಿಟ್ಟುಕೊಂಡರೆ ಸಾಕು. ಒಂದು, ದಿನಕ್ಕೆ ಕನಿಷ್ಠ 10 ಗಂಟೆ ವಿಶ್ರಾಂತಿ ಅಥವಾ ದುಡಿಮೆಗೆ 14 ಗಂಟೆಯ ಮಿತಿ. ಎರಡು, ಕಾಯಿಲೆ ಬಿದ್ದರೆ ನಾವಿಕನ ಖರ್ಚಿಲ್ಲದೆ ಚಿಕಿತ್ಸೆ, ಬೇಕಾದರೆ ದಡದ ಆಸ್ಪತ್ರೆಯಲ್ಲಿ. ಮೂರು, ಕರಾರು ಮುಗಿದ ಮೇಲೆ ಮಾಲೀಕನ ಖರ್ಚಿನಲ್ಲಿ ಮನೆಗೆ. ನಾಲ್ಕು, ಯಾರನ್ನೂ ಒಂದೇ ಸಮನೆ ಹನ್ನೆರಡು ತಿಂಗಳು ಹಡಗಿನಲ್ಲಿ ಇಡುವ ಹಾಗಿಲ್ಲ. ವಾರ್ಷಿಕ ರಜೆಯನ್ನು ಲೆಕ್ಕ ಹಿಡಿದರೆ ಹನ್ನೊಂದು ತಿಂಗಳೇ ಮಿತಿ ಅಂತ ಐಎಲ್‌ಒ ಹೇಳುತ್ತದೆ.

ಈ ಹಕ್ಕುಗಳು ಬರಲು ನೂರು ವರ್ಷ ಹಿಡಿಯಿತು. ಪಕ್ಕಕ್ಕೆ ಸರಿಯಲು ಕೆಲವು ವಾರ ಸಾಕಾಯಿತು.

2020

ಆ ವರ್ಷದ ಫೆಬ್ರವರಿಯಲ್ಲಿ ಜಪಾನಿನ ಯೊಕೊಹಾಮಾದಲ್ಲಿ 'ಡೈಮಂಡ್ ಪ್ರಿನ್ಸೆಸ್' ಹಡಗು ನಿಂತಿದ್ದು ನಿಮಗೆ ನೆನಪಿರಬಹುದು. 3,711 ಜನ, ಅವರಲ್ಲಿ 1,045 ಮಂದಿ ಸಿಬ್ಬಂದಿ. ಪ್ರಯಾಣಿಕರನ್ನು ಅವರವರ ಕೋಣೆಯಲ್ಲಿ ಇರಿಸಿದರು. ಆ ಕೋಣೆಗಳಿಗೆ ದಿನಕ್ಕೆ ಮೂರು ಹೊತ್ತು ಊಟ ತಲುಪಿಸಿದವರು ಸಿಬ್ಬಂದಿ. ಅವರು ಮಲಗುತ್ತಿದ್ದುದು ಹಂಚಿಕೊಂಡ ಇಕ್ಕಟ್ಟಿನ ಕೋಣೆಗಳಲ್ಲಿ, ಉಣ್ಣುತ್ತಿದ್ದುದು ಒಟ್ಟಿಗೆ. ಒಟ್ಟು 712 ಜನರಿಗೆ ಸೋಂಕು ತಗುಲಿತು. ಹಡಗಿನಲ್ಲಿದ್ದ 138 ಭಾರತೀಯರಲ್ಲಿ 132 ಜನ ಕೆಲಸಗಾರರು. ಫೆಬ್ರವರಿ 27ರಂದು ಏರ್ ಇಂಡಿಯಾ ವಿಮಾನ 119 ಭಾರತೀಯರನ್ನು ದೆಹಲಿಗೆ ತಂದಿತು. ನನ್ನ ತರಗತಿಯ ಹುಡುಗನ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಇದೆ: ಹಡಗಿನಲ್ಲಿ ಜನ ಇಲ್ಲ ಅಂತಲ್ಲ, ಇರುವ ಜನ ದೂರ ನಿಲ್ಲಲು ಜಾಗವಿಲ್ಲ.

ಇನ್ನರ್ಧ ಉತ್ತರ ಸರಕು ಹಡಗುಗಳಲ್ಲಿದೆ. ಸಾಮಾನ್ಯ ಕಾಲದಲ್ಲಿ ಜಗತ್ತಿನಲ್ಲಿ ತಿಂಗಳಿಗೆ ಸುಮಾರು ಒಂದು ಲಕ್ಷ ನಾವಿಕರು ಹಡಗಿನಿಂದ ಇಳಿದು ಮನೆಗೆ ಹೋಗುತ್ತಾರೆ, ಅವರ ಜಾಗಕ್ಕೆ ಬೇರೆಯವರು ಹತ್ತುತ್ತಾರೆ. ಇದಕ್ಕೆ ಬಂದರು ತೆರೆದಿರಬೇಕು, ವಿಮಾನ ಹಾರಬೇಕು, ವೀಸಾ ಸಿಗಬೇಕು. ಮಾರ್ಚ್‌ನಲ್ಲಿ ಮೂರೂ ಒಟ್ಟಿಗೆ ನಿಂತವು. ಬಂದರುಗಳು ಸರಕನ್ನು ಇಳಿಸಿಕೊಂಡವು, ಮನುಷ್ಯನನ್ನು ಇಳಿಸಿಕೊಳ್ಳಲಿಲ್ಲ. ಆರು ತಿಂಗಳಿಗೆ, ಒಂಬತ್ತು ತಿಂಗಳಿಗೆ ಅಂತ ಹೋದವರು ಹನ್ನೆರಡು, ಹದಿನೈದು, ಕೆಲವರು ಹದಿನೇಳು ತಿಂಗಳು ದಾಟಿದರೂ ಹಡಗಿನಲ್ಲೇ ಉಳಿದರು. ವರ್ಷದ ಕೊನೆಯ ಹೊತ್ತಿಗೆ ಅವಧಿ ಮುಗಿದೂ ಹಡಗಿನಲ್ಲೇ ಸಿಕ್ಕಿಕೊಂಡವರು ಸುಮಾರು ನಾಲ್ಕು ಲಕ್ಷ ಎಂದು ಅಂತಾರಾಷ್ಟ್ರೀಯ ಸಾಗರ ಸಂಸ್ಥೆ ಐಎಂಒ ಲೆಕ್ಕ ಹೇಳಿತು.

ಇನ್ನೊಂದು ಲೆಕ್ಕವೂ ಇದೆ, ಅದನ್ನು ನಾವು ಮರೆಯುತ್ತೇವೆ. ಹೆಚ್ಚುಕಡಿಮೆ ಅಷ್ಟೇ ಜನ ದಡದಲ್ಲಿ, ಹಡಗು ಹತ್ತಲಾಗದೆ ಕಾಯುತ್ತಿದ್ದರು. ಖಲಾಸಿಗೆ ತಿಂಗಳ ಸಂಬಳದ ನೌಕರಿ ಅಲ್ಲ, ಹಡಗಿನಲ್ಲಿದ್ದಷ್ಟು ದಿನ ಸಂಬಳ. ಒಬ್ಬ ಸಮುದ್ರದಲ್ಲಿ ದಣಿದು ಕೂತಿದ್ದ, ಅವನ ಜಾಗಕ್ಕೆ ಹೋಗಬೇಕಾದವನು ಮನೆಯಲ್ಲಿ ಸಾಲ ಮಾಡಿ ಕೂತಿದ್ದ.

ದಣಿವು ಅಂದೆನಲ್ಲ, ಅದು ಬರೀ ಮೈಕೈ ನೋವಿನ ಮಾತಲ್ಲ. ಭಾನುವಾರವಿಲ್ಲದ ದುಡಿಮೆ, ದಿನಕ್ಕೆ ಹತ್ತು ಹನ್ನೆರಡು ಗಂಟೆ, ಕಾಲಿಟ್ಟರೆ ಅಲುಗುವ ನೆಲ. ದಡಕ್ಕೆ ಬಂದರೂ ಇಳಿಯುವ ಹಾಗಿಲ್ಲ. ಮನೆಯಲ್ಲಿ ತಂದೆಗೆ ಆಕ್ಸಿಜನ್ ಸಿಕ್ಕಿತೋ ಇಲ್ಲವೋ ತಿಳಿಯಲು ಇಂಟರ್‌ನೆಟ್ ಇಲ್ಲ, ಇದ್ದರೂ ದುಡ್ಡು ಕೊಟ್ಟು ಕೊಳ್ಳಬೇಕು. ಹೀಗೆ ದಣಿದವನ ಕೈಯಲ್ಲಿ ಮುನ್ನೂರು ಮೀಟರ್ ಉದ್ದದ ಹಡಗು.

2020ರ ಜುಲೈ 25ರಂದು 'ವಕಾಶಿಯೊ' ಎಂಬ ಹಡಗು ಮಾರಿಷಸ್ ತೀರದ ಹವಳದ ದಿಬ್ಬಕ್ಕೆ ಬಡಿಯಿತು. ಸುಮಾರು ಸಾವಿರ ಟನ್ ಎಣ್ಣೆ ಆ ನೀಲಿ ನೀರಿಗೆ ಸುರಿಯಿತು. ಹಡಗು ತೀರಕ್ಕೆ ಅಷ್ಟು ಹತ್ತಿರ ಹೋದದ್ದು ಮೊಬೈಲ್ ಸಿಗ್ನಲ್ ಸಿಗಲಿ ಎಂದು ಅಂತ ತನಿಖೆಯಲ್ಲಿ ಹೊರಬಂತು. ಭಾರತೀಯ ಕಪ್ತಾನನಿಗೂ ಅವನ ಸಹಾಯಕ ಅಧಿಕಾರಿಗೂ ಜೈಲು ಶಿಕ್ಷೆ ಆಯಿತು. ಅವರ ತಪ್ಪು ತಪ್ಪೇ, ಕೋರ್ಟು ತೀರ್ಮಾನ ಮಾಡಿದೆ. ಆದರೆ ಮನೆಯವರ ದನಿ ಕೇಳಲು ದಡದ ಹತ್ತಿರ ಹೋಗಬೇಕಾದ ಪರಿಸ್ಥಿತಿ ಯಾರ ತಪ್ಪು, ಯೋಚನೆ ಮಾಡಿ.

ಎರಡು ಹಡಗು, ಮೂವತ್ತೊಂಬತ್ತು ಜನ

ನಮ್ಮವರದೇ ಒಂದು ಪ್ರಸಂಗ ಹೇಳುತ್ತೇನೆ. 'ಜಗ್ ಆನಂದ್' ಎಂಬ ಹಡಗು ಆಸ್ಟ್ರೇಲಿಯಾದ ಕಲ್ಲಿದ್ದಲು ಹೊತ್ತು 2020ರ ಜೂನ್‌ನಲ್ಲಿ ಚೀನಾದ ಜಿಂಗ್‌ಟಾಂಗ್ ಬಂದರಿನ ಬಳಿ ಲಂಗರು ಹಾಕಿತು. ಅದರಲ್ಲಿ 23 ಭಾರತೀಯರು. 'ಅನಸ್ತಾಸಿಯಾ' ಎಂಬ ಇನ್ನೊಂದು ಹಡಗು ಸೆಪ್ಟೆಂಬರ್ 20ರಿಂದ ಕಾವೊಫೆಯ್‌ಡಿಯನ್ ಬಂದರಿನ ಬಳಿ, ಅದರಲ್ಲಿ 16 ಭಾರತೀಯರು. ಆ ಹೊತ್ತಿಗೆ ಚೀನಾಕ್ಕೂ ಆಸ್ಟ್ರೇಲಿಯಾಕ್ಕೂ ವ್ಯಾಪಾರದ ಮುನಿಸು. ಕಲ್ಲಿದ್ದಲು ಇಳಿಸಲು ಬಿಡಲಿಲ್ಲ. ಬೇರೆ ಬಂದರಿಗೆ ಹೋಗೋಣ ಅಂದರೆ ಸರಕಿನ ವ್ಯವಹಾರ ಇತ್ಯರ್ಥ ಆಗಿರಲಿಲ್ಲ. ಸಿಬ್ಬಂದಿಯನ್ನಾದರೂ ಬದಲಾಯಿಸಿ ಅಂದರೆ ಕೋವಿಡ್ ನಿಯಮ ಅಡ್ಡ ಬಂತು.

ಅಲ್ಲಿ ಒಬ್ಬ ಖಲಾಸಿಗೆ ಚೀನಾ ಗೊತ್ತಿಲ್ಲ, ಆಸ್ಟ್ರೇಲಿಯಾ ಗೊತ್ತಿಲ್ಲ, ಕಲ್ಲಿದ್ದಲು ಯಾರದು ಅನ್ನೋದೂ ಬೇಕಿಲ್ಲ. ಅವನಿಗೆ ದಡ ಕಾಣುತ್ತಿದೆ, ರಾತ್ರಿ ದೀಪ ಕಾಣುತ್ತಿವೆ, ಅಷ್ಟೇ. ಮನೆಯವರು ಮಂತ್ರಿಗಳಿಗೆ ಪತ್ರ ಬರೆದರು, ನಾವಿಕರ ಸಂಘಗಳು ಕೂಗೆಬ್ಬಿಸಿದವು, ಪತ್ರಿಕೆಗಳು ಬರೆದವು, ವಿದೇಶಾಂಗ ಇಲಾಖೆ ಚೀನಾದ ಜೊತೆ ಮಾತಾಡುತ್ತಾ ಹೋಯಿತು. ಕೊನೆಗೆ 2021ರ ಜನವರಿಯಲ್ಲಿ ಜಗ್ ಆನಂದ್ ಜಪಾನಿನ ಚೀಬಾಕ್ಕೆ ಹೋಗಿ ಸಿಬ್ಬಂದಿ ಬದಲಾಯಿಸಿತು. ಅನಸ್ತಾಸಿಯಾದವರು ಫೆಬ್ರವರಿಯಲ್ಲಿ ಬಿಡುಗಡೆಯಾದರು, ಅವರೂ ಜಪಾನಿನ ಮೂಲಕವೇ.

ಸತ್ತವನಿಗೂ ದಡ ಸಿಗದ ಪ್ರಸಂಗವೂ ಇದೆ. 2021ರ ಏಪ್ರಿಲ್‌ನಲ್ಲಿ 'ಇಟಾಲ್ ಲಿಬೆರಾ' ಹಡಗಿನ ಕಪ್ತಾನ ದಕ್ಷಿಣ ಆಫ್ರಿಕಾದ ಡರ್ಬನ್ ಬಿಟ್ಟ ಮೇಲೆ ಕೋವಿಡ್‌ನಿಂದ ಸಮುದ್ರದಲ್ಲೇ ತೀರಿಕೊಂಡರು. ಹಡಗು ಇಂಡೋನೇಷ್ಯಾದ ಹತ್ತಿರ ವಾರಗಟ್ಟಲೆ ನಿಂತಿತು. ಹಲವು ದೇಶಗಳನ್ನು ಕೇಳಿದರು, ಶವ ಇಳಿಸಿಕೊಳ್ಳಲು ಯಾರೂ ಒಪ್ಪಲಿಲ್ಲ. ಕೊನೆಗೆ ಸರಕನ್ನೂ ಬಿಟ್ಟು ಹಡಗು ಇಟಲಿಯ ತಾರಾಂತೊಗೆ ವಾಪಸ್ ಹೋಯಿತು. ಸತ್ತ ಎರಡು ತಿಂಗಳ ಮೇಲೆ ಕಪ್ತಾನರಿಗೆ ಸ್ವಂತ ನೆಲ ಸಿಕ್ಕಿತು. ಮಯ್ಯತ್ತನ್ನು ಆದಷ್ಟು ಬೇಗ ದಫನ್ ಮಾಡಬೇಕು ಎಂದು ಬೆಳೆದ ನಮಗೆ ಆ ಮನೆಯವರ ಎರಡು ತಿಂಗಳು ಹೇಗಿತ್ತು ಅಂತ ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ದೇಶ ಏನು ಮಾಡಿತು?

ನ್ಯಾಯವಾಗಿ ಎರಡೂ ಕಡೆ ಹೇಳಬೇಕು. ಲಾಕ್‌ಡೌನ್ ಆದ ಮೊದಲ ವಾರಗಳಲ್ಲಿ ಭಾರತದ ಬಂದರಿನಲ್ಲಿ ಭಾರತೀಯ ನಾವಿಕನೇ ಇಳಿಯುವ ಹಾಗಿರಲಿಲ್ಲ. ಬ್ಯಾಲಾರ್ಡ್ ಪಿಯರ್ ಕಣ್ಣೆದುರಿಗೆ, ಮನೆ ಡೋಂಗ್ರಿಯಲ್ಲೋ ರತ್ನಾಗಿರಿಯಲ್ಲೋ, ಆದರೂ ಹಡಗಿನಲ್ಲೇ ಇರಬೇಕು. ಏಪ್ರಿಲ್ 21ರಂದು ಗೃಹ ಇಲಾಖೆ ನಿಯಮ ಹೊರಡಿಸಿತು: ಪರೀಕ್ಷೆ ಮಾಡಿ, ಕ್ವಾರಂಟೈನ್ ಮಾಡಿ, ರಸ್ತೆ ಪಾಸು ಕೊಟ್ಟು ಮನೆಗೆ ಕಳಿಸಿ. ಎರಡು ದಿನದ ಮೇಲೆ 'ಮರೆಲ್ಲಾ ಡಿಸ್ಕವರಿ' ಹಡಗಿನಿಂದ ಸುಮಾರು 145 ಭಾರತೀಯರು ಮುಂಬಯಿಯಲ್ಲಿ ಇಳಿದರು. ಬಾಡಿಗೆ ವಿಮಾನಗಳಿಗೂ ಅನುಮತಿ ಸಿಕ್ಕಿತು. ಆಗಸ್ಟ್ ವೇಳೆಗೆ ಹಡಗು ಹತ್ತಿದ, ಇಳಿದ ಭಾರತೀಯ ನಾವಿಕರ ಸಂಖ್ಯೆ ಒಂದು ಲಕ್ಷ ದಾಟಿತು ಎಂದು ಮುಂಬಯಿಯ ಹಡಗು ಮಹಾನಿರ್ದೇಶನಾಲಯ ಹೇಳಿತು. ಬೇರೆ ಎಷ್ಟೋ ದೇಶಗಳಿಗಿಂತ ಇದು ಒಳ್ಳೆಯ ಕೆಲಸ.

ಆದರೆ 2021ರ ಏಪ್ರಿಲ್, ಮೇಯಲ್ಲಿ ಎರಡನೆಯ ಅಲೆ ಬಂದಾಗ ಭಾರತೀಯ ಅನ್ನುವುದೇ ಅಡ್ಡಿಯಾಯಿತು. ಸಿಂಗಪುರದಂಥ ದೊಡ್ಡ ಬಂದರುಗಳು ಭಾರತದಿಂದ ಬಂದ ಸಿಬ್ಬಂದಿಯ ಬದಲಾವಣೆಯನ್ನು ನಿಲ್ಲಿಸಿದವು. ಲಸಿಕೆಯಲ್ಲೂ ಒಂದು ತೊಡಕು. ಕೋವ್ಯಾಕ್ಸಿನ್‌ಗೆ ವಿಶ್ವ ಆರೋಗ್ಯ ಸಂಸ್ಥೆಯ ಮನ್ನಣೆ ಸಿಕ್ಕಿದ್ದು 2021ರ ನವೆಂಬರ್ 3ಕ್ಕೆ. ಅಲ್ಲಿಯ ತನಕ ಅದನ್ನು ಹಾಕಿಸಿಕೊಂಡ ಖಲಾಸಿಯ ಸರ್ಟಿಫಿಕೇಟನ್ನು ಎಷ್ಟೋ ದೇಶಗಳು ಒಪ್ಪುತ್ತಿರಲಿಲ್ಲ. ಮನೆಯ ಹತ್ತಿರದ ಕೇಂದ್ರದಲ್ಲಿ ಯಾವ ಲಸಿಕೆ ಇತ್ತೋ ಅದನ್ನು ಹಾಕಿಸಿಕೊಂಡವನ ತಪ್ಪೇನು?

ಕೂಗು ಮತ್ತು ಕಾನೂನು

2020ರ ಮೇ 1, ಕಾರ್ಮಿಕ ದಿನ. ಮಧ್ಯಾಹ್ನ ಹನ್ನೆರಡಕ್ಕೆ ಬಂದರುಗಳಲ್ಲಿ ನಿಂತ ಹಡಗುಗಳು ಸೈರನ್ ಮೊಳಗಿಸಲಿ ಎಂದು ನಾವಿಕರ ಸಂಘಟನೆಯಾದ ಐಟಿಎಫ್ ಮತ್ತು ಹಡಗು ಮಾಲೀಕರ ಸಂಘ ಒಟ್ಟಿಗೆ ಕರೆ ಕೊಟ್ಟವು. ಮಾಲೀಕ ಮತ್ತು ಕೆಲಸಗಾರ ಒಂದೇ ದನಿಯಲ್ಲಿ ಕೇಳುವುದು ಅಪರೂಪ, ಅಲ್ವಾ? ಆ ತಿಂಗಳೇ ಐಎಂಒ ಹನ್ನೆರಡು ಹಂತಗಳ ಸುರಕ್ಷಿತ ಸಿಬ್ಬಂದಿ ಬದಲಾವಣೆಯ ಕ್ರಮವನ್ನು ಎಲ್ಲ ದೇಶಗಳಿಗೂ ಕಳಿಸಿತು. ಜೂನ್ ಮಧ್ಯದಲ್ಲಿ ಐಟಿಎಫ್, ಕರಾರು ಮುಗಿದ ನಾವಿಕ ಇನ್ನು ಮುಂದೆ ಕೆಲಸ ಮಾಡಲ್ಲ ಎಂದರೆ ನಾವು ಅವನ ಜೊತೆ ನಿಲ್ಲುತ್ತೇವೆ ಎಂದಿತು. ಡಿಸೆಂಬರ್ 1ರಂದು ವಿಶ್ವಸಂಸ್ಥೆಯ ಮಹಾಸಭೆ ನಾವಿಕರನ್ನು ಅತ್ಯಗತ್ಯ ಕೆಲಸಗಾರರೆಂದು ಪರಿಗಣಿಸಿ ಎಂದು ನಿರ್ಣಯ ಮಾಡಿತು. 2021ರ ಜನವರಿಯಲ್ಲಿ ನೂರಾರು ಕಂಪನಿಗಳು ನೆಪ್ಚೂನ್ ಘೋಷಣೆಗೆ ಸಹಿ ಹಾಕಿದವು.

ಇದರ ನಡುವೆ ಬಂದ ಒಂದು ಮಾತು ಚರಿತ್ರೆಯ ವಿದ್ಯಾರ್ಥಿಗಳಿಗೆ ಮುಖ್ಯ. ಸರ್ಕಾರಗಳು ಹೇಳುತ್ತಿದ್ದುದು ಏನು? ಇದು ದೈವದ ಹೊಡೆತ, ನಮ್ಮ ಕೈ ಮೀರಿದ್ದು, ಒಪ್ಪಂದ ಪಾಲಿಸಲು ಆಗಲ್ಲ. 2020ರ ಡಿಸೆಂಬರ್‌ನಲ್ಲಿ ಐಎಲ್‌ಒದ ತಜ್ಞರ ಸಮಿತಿ ಇದಕ್ಕೆ ಉತ್ತರ ಕೊಟ್ಟಿತು. ಮೊದಲ ದಿನಗಳಲ್ಲಿ ಕೈ ಮೀರಿತ್ತು ಎಂಬುದು ಸರಿ. ಆದರೆ ದಾರಿ ಇದ್ದೂ, ಅದು ಕಷ್ಟದ ದಾರಿ ಎಂಬ ಕಾರಣಕ್ಕೆ ಬಿಟ್ಟರೆ ಅದು ಕೈ ಮೀರಿದ್ದಲ್ಲ. ಸಮಿತಿಯ ಮಾತಿನ ಸಾರ ಇದು. ಮನುಷ್ಯನ ಹಕ್ಕಿಗೆ ಕಷ್ಟಕಾಲದಲ್ಲಿ ರಜೆ ಇಲ್ಲ ಎಂದು ಒಂದು ಅಂತಾರಾಷ್ಟ್ರೀಯ ಸಮಿತಿ ಲಿಖಿತವಾಗಿ ಹೇಳಿತು. ನಾವಿಕರಿಗೆ ಮಾತ್ರವಲ್ಲ, ವಲಸೆ ಕಾರ್ಮಿಕರಿಗೂ ಈ ತರ್ಕ ಹೊಂದುತ್ತದೆ. ಅದೇ 2020ರಲ್ಲಿ ಹೆದ್ದಾರಿಗಳಲ್ಲಿ ನಡೆದು ಹೋದವರನ್ನು ನೀವು ಕಣ್ಣಾರೆ ಕಂಡಿದ್ದೀರಿ.

ಇದರಿಂದ ಏನಾದರೂ ಬದಲಾಯಿತೇ? ಸ್ವಲ್ಪ ಬದಲಾಯಿತು. 2022ರಲ್ಲಿ ಎಂಎಲ್‌ಸಿಗೆ ತಿದ್ದುಪಡಿ ಆಯಿತು, 2024ರ ಡಿಸೆಂಬರ್ 23ರಿಂದ ಜಾರಿಯಾಯಿತು. ತುರ್ತು ಚಿಕಿತ್ಸೆ ಬೇಕಾದ ನಾವಿಕನನ್ನು ಬಂದರಿನ ದೇಶ ತಡ ಮಾಡದೆ ಇಳಿಸಿಕೊಳ್ಳಬೇಕು. ಸತ್ತವನ ದೇಹವನ್ನು ಊರಿಗೆ ಕಳಿಸಲು ಸಹಕರಿಸಬೇಕು. ಹಡಗಿನಲ್ಲಿ ಮನೆಯವರೊಡನೆ ಮಾತಾಡಲು ಇಂಟರ್‌ನೆಟ್ ಇರಬೇಕು, ದುಡ್ಡು ತೆಗೆದುಕೊಂಡರೆ ಅದು ನ್ಯಾಯವಾಗಿರಬೇಕು. ಒಳ್ಳೆಯ ಕುಡಿಯುವ ನೀರು ಉಚಿತವಾಗಿ ಸಿಗಬೇಕು. ಈ ಸಾಲುಗಳನ್ನು ಓದುವಾಗ ಇಟಾಲ್ ಲಿಬೆರಾ, ವಕಾಶಿಯೊ ನಿಮ್ಮ ಕಣ್ಣ ಮುಂದೆ ಬರಲಿ. ಕಾನೂನಿನ ಸಾಲುಗಳ ಹಿಂದೆ ಯಾರೋ ಅನುಭವಿಸಿದ ಕಷ್ಟ ಇರುತ್ತದೆ. 2025ರಲ್ಲಿ ನಾವಿಕರನ್ನು ಅತ್ಯಗತ್ಯ ಕೆಲಸಗಾರರೆಂದು ಗುರುತಿಸುವ ಇನ್ನಷ್ಟು ತಿದ್ದುಪಡಿಗೆ ಐಎಲ್‌ಒ ಸಮ್ಮೇಳನ ಒಪ್ಪಿಗೆ ಕೊಟ್ಟಿದೆ.

ಹಾಗಂತ ಎಲ್ಲ ಸರಿಹೋಯಿತು ಅನ್ನುವ ಹಾಗಿಲ್ಲ. ಸಂಬಳ ಕೊಡದೆ, ನೀರು ಎಣ್ಣೆ ಕೊಡದೆ ಹಡಗನ್ನೇ ಕೈಬಿಟ್ಟು ಮಾಲೀಕ ಮಾಯವಾಗುವ ಪ್ರಕರಣಗಳು ಹೆಚ್ಚುತ್ತಿವೆ. 2024ರಲ್ಲಿ ಹೀಗೆ 312 ಹಡಗುಗಳಲ್ಲಿ 3,133 ಜನ ಸಿಕ್ಕಿಕೊಂಡರು, ಅವರಲ್ಲಿ ಎಲ್ಲಕ್ಕಿಂತ ಹೆಚ್ಚು ಜನ ಭಾರತೀಯರು ಎಂದು ಐಟಿಎಫ್ ಲೆಕ್ಕ ಕೊಟ್ಟಿದೆ. ಇದಕ್ಕೆ ಸಾಂಕ್ರಾಮಿಕವೂ ಬೇಕಾಗಲಿಲ್ಲ.

ಕೊನೆಗೆ ನಿಮಗೆ, ಅದರಲ್ಲೂ ವಿದ್ಯಾರ್ಥಿಗಳಿಗೆ, ಎರಡು ಮಾತು. ನಿಮ್ಮ ಬಿಲ್ಡಿಂಗಿನಲ್ಲಿ, ಮೊಹಲ್ಲಾದಲ್ಲಿ, ಭಟ್ಕಳ, ಮಂಗಳೂರು, ಕಾರವಾರದ ನಿಮ್ಮ ಬಂಧುಗಳಲ್ಲಿ ಹಡಗಿನ ಕೆಲಸಕ್ಕೆ ಹೋದವರು ಯಾರಾದರೂ ಇರಬಹುದು. ಅವರ ಹತ್ತಿರ ಕೂತು 2020, 2021ರ ಕಥೆ ಕೇಳಿ, ತಾರೀಖು ಹಾಕಿ ಬರೆದಿಡಿ. 1918ರ ಖಲಾಸಿಯ ಮಾತು ನಮಗೆ ಸಿಗದೇ ಹೋದದ್ದು ಅವನಿಗೆ ಮಾತು ಬರಲಿಲ್ಲ ಅಂತಲ್ಲ, ಬರೆದುಕೊಳ್ಳುವವರು ಇರಲಿಲ್ಲ. ಇನ್ನು ನಿಮ್ಮಲ್ಲಿ ಯಾರಾದರೂ ಆ ಕೆಲಸಕ್ಕೆ ಹೊರಟಿದ್ದರೆ ಏಜೆಂಟಿಗೆ ದುಡ್ಡು ಕೊಡುವ ಮೊದಲು ಅವನು ಹಡಗು ಮಹಾನಿರ್ದೇಶನಾಲಯದಲ್ಲಿ ನೋಂದಾಯಿತನೋ ನೋಡಿ. ಕೆಲಸ ಕೊಡಿಸಲು ನಾವಿಕನಿಂದ ಶುಲ್ಕ ವಸೂಲು ಮಾಡುವುದನ್ನೇ ಎಂಎಲ್‌ಸಿ ನಿಷೇಧಿಸಿದೆ. ಕರಾರಿನ ಒಂದು ಪ್ರತಿ ಮನೆಯಲ್ಲಿಡಿ. ಎಷ್ಟು ತಿಂಗಳು, ಎಷ್ಟು ಸಂಬಳ, ವಾಪಸ್ ಕಳಿಸುವವರು ಯಾರು, ಈ ಮೂರು ಸಾಲುಗಳನ್ನು ಅಮ್ಮನಿಗೂ ಓದಿ ಹೇಳಿ ಹೋಗಿ.